ಎರಡು ಬೆರಳು ಸ್ಪಂಜು

ಸೊಹಾರಿನಿಂದ ಸಲಾಲಕ್ಕೆ ಸಾವಿರಕ್ಕೂ ಮಿಕ್ಕಿ ಕಿಲೋಮೀಟರು.
ನನ್ನ ಎತ್ತರ ಐದಡಿ ಒಂದಂಗುಲ.
ಕೈಯಲ್ಲಿ ಸಾವಿರದ ನೂರು ರಿಯಾಲು, ಅದರಲ್ಲೇ
ಬೈಕು, ಹೆಲ್ಮೆಟ್ಟು, ಜಾಕೆಟ್ಟು, ವಿಮೆ ಎಲ್ಲ ಮುಗಿಯಬೇಕು.
ಲೆಕ್ಕ ಇಷ್ಟೇ.

ಸೀಸದ ಬಾಗಿಲಿನ ಕೋಣೆಯಲ್ಲಿ ಹನ್ನೊಂದು ವರ್ಷ
ಬೈಕಿನಿಂದ ಬಿದ್ದವರ ಎಲುಬು ನೋಡಿದವಳು ನಾನು:
ಒಣ ಹುಣಸೆಕಾಯಿಯ ಹಾಗೆ ಲಟಕ್ಕೆಂದ ಕೊರಳೆಲುಬು,
ಎಣಿಸಲಾಗದಷ್ಟು ಚೂರಾದ ಮಣಿಕಟ್ಟು.
ಅಲ್ಲಾಡಬೇಡಿ, ಉಸಿರು ಹಿಡಿಯಿರಿ
ಎಂದು ಐದು ಭಾಷೆಯಲ್ಲಿ ಹೇಳಬಲ್ಲೆ.
ರೂಮಿನ ಪ್ರೆಸಿಲ್ಲಾ ಕೇಳಿದಳು,
ಎಲ್ಲ ಬಿಟ್ಟು ನಿನಗೇ ಬೇಕಾ ಇದು, ಮಾರಾಯ್ತಿ?
ಬೇಕು ಎಂದೆ. ನಾನು ಬಿದ್ದವರನ್ನು ಮಾತ್ರ ನೋಡಿದ್ದು.
ತಲುಪಿದವರು ಎಕ್ಸ್-ರೇಗೆ ಬರುವುದಿಲ್ಲ ನೋಡು.

ಶುಕ್ರವಾರ ಸಂಜೆ, ಗ್ಯಾರೇಜು ಸಾಲಿನಲ್ಲಿ, ಉಪ್ಪು ಬೆವರಿನ ಸೆಕೆಯಲ್ಲಿ
ಯಾಕೂಬ್ ಮಾಮರಿ ತಗಡಿನ ಬಾಗಿಲು ಮೇಲೆತ್ತಿದ.
ಮೊದಲನೆಯದು ಕೆಂಪು, ನಾಲ್ಕು ಸಿಲಿಂಡರು,
ನಿಂತಲ್ಲೇ ಯಾರನ್ನೋ ಬೈಯುವ ಸದ್ದು.
ಸ್ಟ್ಯಾಂಡಿನಿಂದ ಎತ್ತಹೋದೆ, ಅದೇ ನನ್ನನ್ನು ಇಳಿಸಿತು.
ಮದುವೆಮನೆಗೆ ಸರಿ,
ದಿನದ ಗಂಜಿಗೆ ಒಗ್ಗುವ ಜನವಲ್ಲ.

ಎರಡನೆಯದು ನಮ್ಮ ಕಡೆಯದು, ಒಂಟಿ ಸಿಲಿಂಡರು.
ಗುಡುಗುಡು ಕೇಳಿದ್ದೇ ತಡ
ಅಪ್ಪನ ದೋಣಿಯ ಇಂಜಿನು, ಡೀಸೆಲಿನ ಕೈ, ಬಂಗುಡೆಯ ಬುಟ್ಟಿ,
ಮೂಗಿನ ತುದಿ ಉರಿಯಿತು, ಸುಳ್ಳು ಯಾಕೆ.
ಆದರೆ ತೊಂಬತ್ತು ದಾಟಿದರೆ ಕನ್ನಡಿಯಲ್ಲಿ
ಹಿಂದಿನ ಲಾರಿ ಎರಡಾಗಿ, ನಾಲ್ಕಾಗಿ ನಡುಗಿತು.
ಹೈಮಾದ ದಾರಿಯಲ್ಲಿ ಎಂಟು ಗಂಟೆ
ನೆನಪಿನ ಮೇಲೆ ಕೂತಿರಲಾಗದು.

ಮೂರನೆಯದು ಮೂಲೆಯಲ್ಲಿತ್ತು. ಐನೂರು ಸಿಸಿ, ಎರಡು ಸಿಲಿಂಡರು,
ಇಂಥದೇ ಎನ್ನಲಾಗದ ಬೂದು ಬಣ್ಣ,
ಹದಿನೇಳು ಲೀಟರಿನ ಹೊಟ್ಟೆ,
ಲೀಟರಿಗೆ ಇಪ್ಪತ್ತೈದೆಂದರೂ ನಾನೂರು ದಾಟುತ್ತದೆ,
ಬಂಕಿಲ್ಲದ ಬಯಲಿಗೆ ಸಾಕು.
ಸೀಟಿನಡಿ ಪ್ಲಾಸ್ಟಿಕ್ ಚೀಲದಲ್ಲೊಂದು ನೋಟುಬುಕ್ಕು:
ಎಣ್ಣೆ ಬದಲಿಸಿದ ದಿನ, ಚೈನು ತೊಳೆದದ್ದು, ಟಯರಿನ ಗಾಳಿ,
ಉರುಟು ಅಕ್ಷರ, ಒಂದು ಸಾಲೂ ಸೊಟ್ಟಗಿಲ್ಲ.
ಬಂದರಿನಲ್ಲಿ ಕ್ರೇನು ನಡೆಸುತ್ತಿದ್ದ ಫಿಲಿಪೀನಿಯದು,
ಊರಿಗೆ ಹೋದ, ಎಂದ ಯಾಕೂಬ್.
ನವೆಂಬರ್, ಡಿಸೆಂಬರ್, ಜನವರಿ ಮಾತ್ರ ಖಾಲಿ.
ಎಡಗಡೆಯ ಫುಟ್‌ರೆಸ್ಟು ತುಸು ಬಾಗಿದೆ.

ಆ ಚಳಿಗಾಲ ಒಂದು ಎಡಪಾದ ಬಂದಿತ್ತು,
ಕಿರುಬೆರಳ ಬುಡದ ಎಲುಬು,
ನೋವಿನಲ್ಲೂ ಥ್ಯಾಂಕ್ಯೂ ಮೇಡಂ ಎಂದಿತ್ತು.
ಅವನೋ, ಬೇರೆಯವನೋ.
ಮುಖ ನನಗೆ ನೆನಪಿರುವುದಿಲ್ಲ. ಕೇಳಲೂ ಇಲ್ಲ.
ಫೆಬ್ರವರಿಯ ಮೊದಲ ಸಾಲು:
ಎಣ್ಣೆ ಬದಲಿಸಿದೆ. ನೂರ ಹನ್ನೆರಡು ಕಿಲೋಮೀಟರು ಹೋಗಿಬಂದೆ.

ಬಾಗಿದ ಫುಟ್‌ರೆಸ್ಟು ತೋರಿಸಿ ಎಪ್ಪತ್ತು ರಿಯಾಲು ಇಳಿಸಿದೆ.
ಎಂಟುನೂರ ಐವತ್ತು.
ಯಾಕೂಬ್ ಕಹ್ವಾ ಕುಡಿಸಿದ, ಖರ್ಜೂರ ಕೊಟ್ಟ,
ತನಗೆ ನಷ್ಟವೆಂದು ಎರಡು ಸಲ ಹೇಳಿದ.

ಹತ್ತಿ ಕೂತರೆ ನೆಲ ಮುಟ್ಟಿದ್ದು ತುದಿಬೆರಳು ಮಾತ್ರ,
ಜಗಲಿಕಟ್ಟೆಯ ಮೇಲೆ ಕೂರಿಸಿದ ಮಗುವಿನ ಹಾಗೆ.
ಸೋಫಾ ಹೊಲಿಯುವ ಶಫೀಖುಲ್ ಸೀಟು ಬಿಚ್ಚಿ
ಬ್ರೆಡ್ಡಿನ ಚೂರಿಯಲ್ಲಿ
ಎರಡು ಬೆರಳು ಸ್ಪಂಜು ಕೊಯ್ದು ತೆಗೆದ.
ಈಗ ಹಿಮ್ಮಡಿಯೂ ಮುಟ್ಟುತ್ತದೆ.
ಪೂರ್ತಿ ಊರುವುದಿಲ್ಲ. ಮುಟ್ಟುತ್ತದೆ.

ಸಲಾಲಕ್ಕೆ ಇನ್ನೂ ಹೋಗಿಲ್ಲ. ರಜೆಯ ಅರ್ಜಿ ಮೇಲಿನವರ ಮೇಜಿನಲ್ಲಿದೆ.
ಸಾಹಮಿನವರೆಗೆ ಹೋಗಿ ಸಮುದ್ರ ನೋಡಿ ಬಂದೆ, ಅಷ್ಟೆ.
ಕೊಯ್ದ ಸ್ಪಂಜನ್ನು ಎಸೆಯಲು ಮನಸ್ಸಾಗದೆ
ಬಟ್ಟೆ ಹೊಲಿಸಿ ಸೀಸದ ಬಾಗಿಲಿನಾಚೆ ಇಟ್ಟುಕೊಂಡಿದ್ದೇನೆ.

ಇವತ್ತು ಸೈಕಲಿನಿಂದ ಬಿದ್ದ ಹುಡುಗಿ, ಏಳು ವರ್ಷ.
ಅವಳ ಮಣಿಕಟ್ಟಿನಡಿಗೆ ಅದನ್ನಿಟ್ಟೆ.
ಅಲ್ಲಾಡಬೇಡ ಎಂದೆ, ಅವಳ ಭಾಷೆಯಲ್ಲಿ.
ಅಲ್ಲಾಡಲಿಲ್ಲ. ಉಸಿರೂ ಹಿಡಿದಳು.
ಬಿಟ್ಟವಳೇ ಕೇಳಿದಳು:
ಮತ್ತೆ ಯಾವಾಗ ಸೈಕಲ್ ಹೊಡೆಯಬಹುದು?