ಬಿಡುವ ಪಾಠ

ಹರಿದ ಪಟ ತಂದು ಕೊಟ್ಟವನು ಜಬೀ,
ಬೀರೂರಿನ ನನ್ನ ಅಂಗಡಿಗೆ, ಆಷಾಢದ ಮೊದಲ ಶನಿವಾರ.
ಬ್ಲೌಸ್‌ಪೀಸಿನ ರಾಶಿ ಸರಿಸಿ ಮೇಜಿನ ಮೇಲೆ ಹರಡಿದ:
ಕಡ್ಡಿಯಿಲ್ಲ, ಬಾಲಂಗೋಚಿಯಿಲ್ಲ,
ಗಾಳಿ ತುಂಬಿಕೊಳ್ಳಲು ಸಾಲು ಸಾಲು ಚೀಲ, ನಾಲ್ಕು ದಾರ.
ಇದೆಂಥ ಪಟವೋ, ಅಂದೆ.
ಮನುಷ್ಯರನ್ನು ಎಳಕೊಂಡು ಹೋಗೋದು, ನೀಲಕ್ಕ.

ಪ್ಯಾರಾಚೂಟ್ ಬಟ್ಟೆ.
ಒತ್ತೊತ್ತಾಗಿ ಹೊಲಿದರೆ ಹೊಲಿಗೆಯ ಸಾಲೇ ಹರಿಯುವ ಗೆರೆ.
ಒಂಬತ್ತರ ಸೂಜಿ ಹಾಕಿದೆ, ಉಸಿರು ಬಿಗಿಹಿಡಿದು ತುಳಿದೆ.
ಕೂಲಿ ಬೇಡ, ಹಾರುವುದನ್ನು ನೋಡಬೇಕು, ಅಂದೆ.
ಹಿಡಿಯಬೇಕು ಅನ್ನಲು ಬಾಯಿ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಆರೂವರೆ, ಊರಾಚೆಯ ಗೋಮಾಳ.
ಹತ್ತು ಗಂಟೆ ದಾಟಿದರೆ ಈ ಗಾಳಿ ಹೋರಿ,
ಈಗಿನ್ನೂ ಕರು, ಅಂದ ಜಬೀ.
ವೇಲು ಸ್ಕೂಟರಿನ ಡಿಕ್ಕಿಗೆ ಹೋಯಿತು,
ಹೆಲ್ಮೆಟ್ಟು ತಲೆಯಿಂದ ಇಳಿಯಲಿಲ್ಲ.
ಸುತ್ತ ಒಂದು ಸಲ ನೋಡಿ, ಏನೇನಿದೆ?
ಜಾಲಿಗಿಡ. ಕುರಿಮಂದೆ. ರಸ್ತೆಯಲ್ಲೊಂದು ತೆಂಗಿನಕಾಯಿ ಲಾರಿ.
ದೂರದಲ್ಲಿ ಬಾಬಾಬುಡನ್ ಬೆಟ್ಟದ ನೀಲಿ ಬೆನ್ನು.
ತಂತಿ ಕಾಣಲಿಲ್ವಾ?

ಕಾಣಲಿಲ್ಲ.
ಹುಟ್ಟಿದಾಗಿನಿಂದ ನೆತ್ತಿಯ ಮೇಲಿರುವುದು ಕಾಣುವುದಾದರೂ ಹೇಗೆ.
ಕರೆಂಟು ಕಂಬಗಳು ಬೆಂಕಿಕಡ್ಡಿಯಷ್ಟಾಗುವ ತನಕ ನಡೆದೆವು.
ಒಣಹುಲ್ಲು ಚಿಟಿಕೆ ತೂರಿದ.
ಎಲೆ ಆಡಿದರೆ ಸೈ,
ಕೊಂಬೆ ತೂಗಿದರೆ ಮನೆಗೆ ಹೋಗಿ ಉಪ್ಪಿಟ್ಟು ತಿನ್ನೋದು.

ಪಟ ಇನ್ನೂ ಚೀಲದಲ್ಲೇ ಇತ್ತು.
ಬರೀ ಹಿಡಿಕೆ ಎರಡು ಕೈಗಿಟ್ಟು
ಬಿಡಿ, ಅಂದ.
ಬಿಟ್ಟೆ.
ಮತ್ತೆ ಹಿಡೀರಿ. ಬಿಡಿ.
ಹೀಗೆ ಇಪ್ಪತ್ತು ಸಲ, ಬಯಲಲ್ಲಿ, ನಲವತ್ತೆಂಟರ ಹೆಂಗಸು.
ಮಣಿಕಟ್ಟಿಗೆ ಪಟ್ಟಿ ಕಟ್ಟಿದ:
ಹಿಡಿಕೆ ಬಿಟ್ಟರೆ ಇದು ಹಿಂದಿನ ದಾರ ಜಗ್ಗುತ್ತೆ,
ಪಟ ಉಸಿರು ಕಳಕೊಂಡು ಬೀಳುತ್ತೆ.
ದಾರ ಬೆರಳಿಗೆ ಸುತ್ತಿದಿರೋ, ಬೆರಳು ನಿಮ್ಮದಲ್ಲ.
ಮೂವತ್ತು ವರ್ಷ ದಾರ ಬೆರಳಿಗೇ ಸುತ್ತಿ
ಹಲ್ಲಲ್ಲಿ ಕಡಿದವಳಿಗೆ ಹೇಳುತ್ತಿದ್ದಾನೆ!
ಅವನ ಮೊಣಕೈಯಿಂದ ಭುಜದವರೆಗೆ ಒಂದು ಹಳೇ ಗೀರು.
ಏನಾಗಿತ್ತು, ಕೇಳಿದೆ.
ಬಿಡಲಿಲ್ಲ, ಅಂದ. ಅಷ್ಟೇ.

ಗಾಳಿಗೆ ಬೆನ್ನು ಕೊಟ್ಟು ನಿಂತರೆ ಮುಂದೊಂದು ಅರ್ಧ ಗುಮ್ಮಟ.
ಅಂಚಿನಲ್ಲಿ ಪಟ ಸಾಧು.
ನಟ್ಟನಡುವೆ, ಮೂಗಿನ ನೇರಕ್ಕೆ, ಅದಕ್ಕೆ ಮೈಮೇಲೆ ಬರುತ್ತೆ.
ನನಗದು ಕೊಡೆಲಂಗವಾಗಿ ಅರ್ಥವಾಯಿತು:
ಕೆಲಸ ಅಂಚಿನಿಂದ, ನಡುವಿನ ಮಾತು ಆಮೇಲೆ.

ಎದ್ದಿತು.
ನಾನು ಹೊಲಿದ ಗೆರೆ ಅಷ್ಟೆತ್ತರದಲ್ಲಿ ಒಂದು ಕೂದಲು.
ಎಡಗೈ ಎಳೆದರೆ ಎಡಕ್ಕೆ, ಬಲಗೈಗೆ ಬಲಕ್ಕೆ,
ಹೇಳಿದ ಮಾತು ಕೇಳುತ್ತಿತ್ತು ಅಷ್ಟು ದೊಡ್ಡದು!
ಭುಜದ ಕೀಲು ಕೀಲಿಗೂ ಯಾರೋ ಹೆಸರು ಹಿಡಿದು ಕರೆದ ಹಾಗೆ.
ನಕ್ಕೆನೋ ಕಿರುಚಿದೆನೋ ಗೊತ್ತಿಲ್ಲ.

ಆಗ ಓಡಿ ಬಂದ ಕುರಿ ಕಾಯುವ ಹುಡುಗ ಮೈಲಾರಿ,
ಪಟ ಕಂಡ ಯಾವ ಹುಡುಗನೂ ಓಡುವ ಹಾಗೆ,
ಸೀದಾ ಅದರ ಅಡಿಗೆ.
ಅದೇ ಗಳಿಗೆಗೆ ಗಾಳಿ ಒಂದು ಗುದ್ದು ಕೊಟ್ಟಿತು.
ಪಟ ನಡುವಿಗೆ ಜಾರಿತು. ಚಪ್ಪಲಿ ಕಿತ್ತು ಹಿಂದೆ ಉಳಿಯಿತು.
ಬಿಡೀ! ಜಬೀ ಕೂಗಿದ.
ಕೇಳಿಸಿತು.
ಬೆರಳಿಗೆ ಕೇಳಿಸಲಿಲ್ಲ.
ಮೂರು ಮಾರು ಹುಲ್ಲಿನ ಮೇಲೆ ಮಂಡಿ ಎಳೆಯಿತು,
ಎದುರಿಗೆ ಹುಡುಗನ ಬಾಯಿ ತೆರೆದೇ ಇತ್ತು,
ಆಮೇಲೆ, ಹೇಗೋ,
ಇಪ್ಪತ್ತೊಂದನೆಯದು.

ಉಸಿರಿಲ್ಲದೆ ಬಿತ್ತು ಪಟ, ಒಗೆದು ಹಾಕಿದ ಸೀರೆಯ ಹಾಗೆ,
ಮೈಲಾರಿಯಿಂದ ಎರಡು ಮೊಳ ಈಚೆಗೆ.
ಯಾರೂ ಮಾತಾಡಲಿಲ್ಲ. ಒಂದು ಕುರಿ ಬಂದು ಮೂಸಿ ನೋಡಿತು.
ಜಬೀ ಅದರ ಅಂಚಿಗೆ ಮಣ್ಣಿನ ಹೆಂಟೆ ಹೇರಿ ಬಂದು
ನನ್ನ ಮಂಡಿಗೆ ನೀರು ಸುರಿದ.
ಹೊಲಿಗೆ ಬಿಟ್ಟಿಲ್ಲ, ನೀಲಕ್ಕ, ಅಂದ.

ನಂಗೂ ಕೊಡಿ, ಅಂದ ಹುಡುಗ.
ಪಟ ಚೀಲಕ್ಕೆ ಹೋಯಿತು, ಹಿಡಿಕೆ ಅವನ ಕೈಗೆ.
ನಾನು ಚಪ್ಪಲಿ ಹುಡುಕಿಕೊಂಡು ಬರುವಷ್ಟರಲ್ಲಿ
ಬಯಲಿನ ನಡುವೆ ಮೈಲಾರಿ,
ಮೇಲೆ ಏನೂ ಇಲ್ಲ, ದಾರವೂ ಇಲ್ಲ,
ಬಿಡು ಅಂದಾಗಲೆಲ್ಲ ಕುಣಿದು ಬಿಡುತ್ತಿದ್ದ.
ಕುರಿಗಳು ಆಗಲೇ ರಸ್ತೆಯತ್ತ ಹೊರಟಿದ್ದವು.