ಹನಿಗೆರೆ

ಮೊದಲು ತೊಟ್ಟು ನೋಡು, ಎನ್ನುತ್ತದೆ ಕೈಪಿಡಿ.
ತುಕ್ಕುಗೆಂಪು ರೋಮ ಒತ್ತೊತ್ತಾಗಿದ್ದರೆ, ಎಲೆಯಂಚು
ಕತ್ತರಿ ಆಡಿಸಿದಂತೆ ಚೂಪಾಗಿದ್ದರೆ, ವಿಲೋಸಾ.
ಇಲ್ಲವೆಂದರೆ ಎರಡನೇ ಪ್ರಶ್ನೆಗೆ ನಡೆ.

ನಡೆದೆ, ಮಂಡಿಯ ಮೇಲೆ.
ಹತ್ತು ಪಟ್ಟು ಹಿಗ್ಗಿಸುವ ಮಸೂರ ಕಣ್ಣಿಗೊತ್ತಿ
ಉಸಿರು ಬಿಗಿಹಿಡಿದೆ; ಬಿಟ್ಟರೆ ಗಾಜು ಮಸುಕು,
ಸಾಸಿವೆಗಿಂತ ತುಸುವೇ ದೊಡ್ಡದಾದ ಹೂವು
ಬೇಡ ಬೇಡವೆಂದು ತಲೆಯಾಡಿಸುತ್ತದೆ.

ಕೆಂಟಕಿಯ ಕಮರಿ. ಸೆಪ್ಟೆಂಬರಿನ ಮೂರನೇ ವಾರ.
ಮರಳುಗಲ್ಲಿನ ಹುಬ್ಬಿನಡಿ ಹಿಟ್ಟಿನಂಥ ಧೂಳು,
ಯಾವ ಅಜ್ಜನ ಕಾಲದಲ್ಲೂ ಮಳೆ ಕಾಣದ ಧೂಳು.
ಅದರಲ್ಲಿ ಬೇರೂರಿ ಕೂತಿದೆ ಪಾರ್ವಿಫ್ಲೋರಾ:
ದುಂಡನೆಯ ಎಲೆ, ಕರುವಿನ ಕಿವಿಯ ನವುರು,
ಬೆರಳಿಗೆ ಮುಟ್ಟಿದ್ದೇ ಗೊತ್ತಾಗದಂಥ ರೋಮ.
ಮೇಲೆ ಬಂಡೆಯ ಎದೆಯಲ್ಲಿ, ಹತ್ತಲು ಬಂದವರ
ಸೀಮೆಸುಣ್ಣದ ಕೈಗುರುತು ಸಾಲುಸಾಲು.
ಇಪ್ಪತ್ತು ಗಿಡ ಸಿಕ್ಕರೆ ಇಲ್ಲಿಗೆ ಬೇಲಿ ಬರುತ್ತದೆ,
ಹತ್ತೊಂಬತ್ತಾದರೆ ಇಲ್ಲ.
ಅರಣ್ಯ ಕಚೇರಿಯ ಲೆಕ್ಕ ಅದು; ನಾನು ಎಣಿಸುವವನು.

ದಾರಿ ತೋರಿಸಲು ಬಂದ ಡೆಲ್ಫಿಯಾ ಟ್ಯಾಕೆಟ್,
ಎಂಬತ್ತೊಂದು ವಯಸ್ಸು, ತೀರಿಹೋದ ಗಂಡನ ಬೂಟು,
ಊರುಗೋಲಿಗೆ ಬದಲು ಒಂದು ಗುದ್ದಲಿ,
ಕಲ್ಲಿಗೊರಗಿ ಕೂತು ಕೇಳಿದಳು:
"ಏನು, ಅದಕ್ಕೆ ಹೇನು ನೋಡುತ್ತಿದ್ದೀಯಾ?"

ಹತ್ತೊಂಬತ್ತು ಆಯಿತು.
ಇಪ್ಪತ್ತನೆಯದು ಹನಿಗೆರೆಯ ಮೇಲೆ:
ಚಾಚಿದ ಬಂಡೆಯ ತುದಿಯಿಂದ ನೀರು ತೊಟ್ಟಿಕ್ಕಿ
ನೆಲದಲ್ಲಿ ಕೊರೆದ ಗುಳಿಗಳ ಸಾಲು.
ಈಚೆ ಒಣಧೂಳು, ಆಚೆ ಕಾಡು, ಕಾಡಿನಲ್ಲಿ ವಿಲೋಸಾಗಳ ಸಂತೆ.
ಇದರ ಎಲೆ ದುಂಡಗೆಂದರೆ ದುಂಡಗೆ,
ಒಂದು ಮಗ್ಗುಲು ಮಾತ್ರ ಏನೋ ನೆನಪಾದಂತೆ ಚೂಪು.
ತೊಟ್ಟಿನಲ್ಲಿ ತುಕ್ಕು ಇದೆ, ಅರ್ಧ ದಾರಿಯವರೆಗೆ.
ಹೂವಿಲ್ಲ. ಜಿಂಕೆ ತಿಂದು ಕಡ್ಡಿ ಬಿಟ್ಟಿದೆ.

ಎರಡನೇ ಪ್ರಶ್ನೆಯಿಂದ ಮೊದಲನೆಯದಕ್ಕೆ,
ಮೊದಲನೆಯದರಿಂದ ಮತ್ತೆ ಎರಡನೆಯದಕ್ಕೆ
ತಿರುಗಿ ತಿರುಗಿ ಪೆನ್ಸಿಲ್ ಕಚ್ಚಿದೆ.

"ನಾವು ಅವಳಿ," ಎಂದಳು ಡೆಲ್ಫಿಯಾ, ಯಾರೂ ಕೇಳದೆ.
"ನಾನು, ಓಝೆಲ್ಲಾ. ಬಂದವರೆಲ್ಲ ಮುಖ ನೋಡಿ ಸೋಲುವವರೇ.
ನನ್ನ ಪಾಲಿನ ಏಟು ಮೇಷ್ಟರು ಎಷ್ಟೋ ಸಲ ಅವಳಿಗೆ ಕೊಟ್ಟರು.
ಅಮ್ಮ ಮುಖ ನೋಡುತ್ತಲೇ ಇರಲಿಲ್ಲ.
ಹಿಂದಿನ ಮೆಟ್ಟಿಲ ಮೇಲೆ ಹೆಜ್ಜೆ ಬಿದ್ದರೆ ಸಾಕು,
ಒಲೆಯ ಕಡೆ ತಿರುಗಿಕೊಂಡೇ ಹೆಸರು ಹಿಡಿದು ಬಯ್ಯುವಳು.
ಕೊನೆಗಾಲಕ್ಕೆ ಅವಳೂ ತಪ್ಪಿದಳು ಅನ್ನು.
ಓಝೆಲ್ಲಾ ಹೋದ ಮೇಲೆ ನನ್ನನ್ನು ಆ ಹೆಸರಲ್ಲೇ ಕರೆದಳು.
ನಾನು ಓಗೊಟ್ಟೆ."

ಎದ್ದು ಗೆರೆಯಾಚೆ ಹೋಗಿ, ಸಂತೆಯೊಳಗಿಂದ ಒಂದು ಗಿಡ ಕಿತ್ತು,
ಉಗುರಲ್ಲಿ ಬೇರಿನ ಸಿಪ್ಪೆ ಕೆರೆದು ಎರಡು ತುಂಡು ಮಾಡಿದಳು.
ಬಾಯಿಹುಣ್ಣಿಗೆ, ಕೆಟ್ಟ ಹೊಟ್ಟೆಗೆ, ನಾಲ್ಕು ಮಕ್ಕಳಿಗೂ ಇದೇ ಅಂತೆ.
ಬಂಡೆಯ ಒಳಗಿನದೋ ಹೊರಗಿನದೋ
ನಾಲಿಗೆ ಒಂದು ದಿನವೂ ಕೇಳಿದ್ದಿಲ್ಲವಂತೆ.

ಅಗಿದೆ.
ಒಗರು.
ವಸಡು, ಅಂಗುಳು, ಗಂಟಲು
ಯಾರೋ ಒಳಗಿನಿಂದ ಹೊಲಿಗೆ ಹಾಕಿದಂತೆ ಮುದುಡಿದವು.
ಪಟಿಕದ ಬೇರು ಎಂದು ಇಲ್ಲಿಯವರು ಕರೆದದ್ದು ಸುಮ್ಮನಲ್ಲ.
ಎರಡು ಲ್ಯಾಟಿನ್ ಹೆಸರೂ ಹಲ್ಲಿನ ಹಿಂದೆಯೇ ಒಣಗಿದವು.

"ಇಪ್ಪತ್ತು ಅಂತ ಬರಿ," ಎಂದಳು. "ಯಾರು ಬಂದು ನೋಡುತ್ತಾರೆ?"

ಬರೆದದ್ದು ಇಷ್ಟು: ಹತ್ತೊಂಬತ್ತು.
ಅದರ ಕೆಳಗೆ: ಹನಿಗೆರೆಯ ಮೇಲೆ, ಒಂದು.
ಹೂವಿಗಾಗಿ ಮತ್ತೆ ಬರಬೇಕು, ಆಗಸ್ಟಿನಲ್ಲಿ.

"ಆಗಸ್ಟಾ?" ಎಂದಳು, ಬೂಟಿನ ದಾರ ಬಿಗಿಯುತ್ತ.
ಮತ್ತೇನೂ ಹೇಳಲಿಲ್ಲ.
ಕಮರಿಯಲ್ಲಿ ಹೊತ್ತು ಬೇಗ ಇಳಿಯುತ್ತದೆ.

ಏಳುವಾಗ ಬಂಡೆಯ ತುದಿಯಿಂದ ಒಂದು ಹನಿ
ಗಾಳಿಗೆ ಗೆರೆ ತಪ್ಪಿ ನನ್ನ ಹಾಳೆಯ ಮೇಲೆ ಬಿತ್ತು,
ಸರಿಯಾಗಿ ಆ ಒಂದರ ಮೇಲೆ.
ಪೆನ್ಸಿಲ್ಲಾದ್ದರಿಂದ ಅಳಿಸಲಿಲ್ಲ.
ಕಾಗದ ಮಾತ್ರ ಉಬ್ಬಿತು.