ಬೋರ್ಡು ಬರೆಯುವವನ ಲೆಕ್ಕ

ಪಂಚಾಯ್ತಿಯಿಂದ ಫೋನು:
ಹೊಳೆದಂಡೆಯ ಬೋರ್ಡು ಬಿಸಿಲಿಗೆ ಬಿಳುಚಿದೆ,
ಇಸ್ಕೂಲು ರಜ ಬಿಟ್ಟರು, ಜನ ಬರುತ್ತಾರೆ,
ಇನ್ನೊಂದು ಕೈ ಬಣ್ಣ ಹೊಡೆದು ಹೋಗಿ.
ನಾಲ್ಕು ಡಬ್ಬಿ, ಎರಡು ಕುಂಚ, ಒಂದು ಸ್ಟೂಲು
ಟಿವಿಎಸ್ಸಿಗೆ ಬಿಗಿದು ಬನ್ನೂರಿಂದ ತಲಕಾಡಿಗೆ ಬಂದೆ.

ಮೊದಲು ಕೆಂಪಲ್ಲಿ ಅಪಾಯ.
ಅ ಬೇಗ ಮುಗಿಯುತ್ತದೆ. ಪಾ ಬರೆದು
ದೀರ್ಘ ಎಳೆಯುವಾಗ ಕೈ ತಾನಾಗಿ ನಿಧಾನ.
ಆಮೇಲೆ ನೀಲಿ: ಇಲ್ಲಿ ಸುಳಿಗಳಿವೆ. ನೀರಿಗಿಳಿಯಬೇಡಿ.
ಯಾವಾಗ ಬೇಕಾದರೂ ನೀರು ಏರಬಹುದು.
ಕಡೆಯ ಸಾಲು: ಇದುವರೆಗೆ ಇಲ್ಲಿ ಸತ್ತವರು
ಎಂದು ಬರೆದು ನಿಂತೆ.
ಹಳೆಯ ಅಂಕಿಯನ್ನು ಯಾರೋ
ಕಲ್ಲಲ್ಲಿ ಕೆರೆದಿದ್ದರು.

ಪಿಡಿಒ ಶಶಿರೇಖಾ ಮೇಡಂ ಫೋನಲ್ಲೇ
ಕಡತ ಮಗುಚಿ ಹೇಳಿದರು: ಮೂವತ್ತೊಂದು.
ತೆಪ್ಪದ ಪುಟ್ಟಮಾದು ಬೀಡಿ ಕೆಳಗಿಟ್ಟು
ಬೆರಳ ಗೆಣ್ಣು ಮುಟ್ಟಿ ಮುಟ್ಟಿ ಎಣಿಸಿದ: ಮೂವತ್ತಾರು.
'ಐದ್ ಜನ ಆಚೆ ದಡಕ್ಕೆ ತೇಲೋದ್ರು ಸಾಮಿ.
ಅಲ್ಲಿ ಜಿಲ್ಲೆ ಬೇರೆ, ಠಾಣೆ ಬೇರೆ.
ಹೊಳೆ ಒಂದೇಯ, ಪುಸ್ತಕ ಎರಡು.
ಹತ್ತೊಂಬತ್ತು ನಾನೇ ಎತ್ತಿದ್ದು.
ಎತ್ತಿದ ತೂಕ ಕೈಗೆ ಮರ್ತೋಯ್ತದಾ?'

ಇಲ್ಲಿ ನೋಡಿ, ಅಂದ. ಮೊಳಕಾಲುದ್ದ ನೀರು.
ನಗ್ತಾ ನಗ್ತಾ ನಾಕ್ ಹೆಜ್ಜೆ ಹೋಗ್ತರೆ.
ಐದನೇದಕ್ಕೆ ನೆಲ ಇರಕ್ಕಿಲ್ಲ,
ಮರಳು ತೋಡಿದ ಗುಂಡಿ ಇರ್ತದೆ.
ಕಟ್ಟೇಲಿ ರಾತ್ರಿ ನೀರ್ ಬುಟ್ರೆ
ಇಲ್ಲಿಗೆ ನಾಳೆ ಬತ್ತದೆ, ಸದ್ದೇ ಮಾಡಕ್ಕಿಲ್ಲ.
ಮೊದ್ಲು ಇರುವೆ ಮ್ಯಾಕ್ ಹತ್ತವೆ,
ಆಮೇಲೆ ಕಸಕಡ್ಡಿ, ಆಮೇಲೆ ನೀರು.

ಹೇಳಿ ಅವನು ಊಟಕ್ಕೆ ಹೋದ.
ಒಂದು ಟೆಂಪೋ ಟ್ರಾವೆಲರ್ ಬಂತು.
ಹದಿನಾಲ್ಕು ಹುಡುಗ ಹುಡುಗಿಯರು, ಒಂದು ಸ್ಪೀಕರು,
ಪಾತ್ರೆ ತುಂಬ ಚಿತ್ರಾನ್ನ.
ಹಸಿ ಬೋರ್ಡಿಗೆ ಒರಗಿ ಫೋಟೋ ತೆಗೆದುಕೊಂಡರು;
ಒಬ್ಬನ ಹೆಬ್ಬೆಟ್ಟು ಪಾ ಮೇಲೆ ಒತ್ತಿತು.
ಚಡ್ಡಿ ತೊಟ್ಟವನೊಬ್ಬ ಪಾಠದಂತೆ ಗಟ್ಟಿಯಾಗಿ ಓದಿದ,
ಸತ್ತವರು ಎಂಬಲ್ಲಿಗೆ ಬಂದು ಕೇಳಿದ:
'ಎಷ್ಟು ಅಂಕಲ್?'
ಇನ್ನೂ ಬರೆದಿಲ್ಲಪ್ಪ, ಅಂದೆ.
'ಹಂಗಾದ್ರೆ ಝೀರೋ!'
ಎಲ್ಲರೂ ನಕ್ಕರು. ನಾನೂ ನಕ್ಕೆ,
ಅದನ್ನು ಮುಚ್ಚಿಡುವುದಿಲ್ಲ.

ಅಂಕಿಯ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಹಾಕುತ್ತಿದ್ದೆ.
ಸ್ಟೂಲಿನ ಕಾಲಲ್ಲಿ
ಏನೋ ಹರಿದ ಹಾಗಾಯಿತು.
ಇರುವೆ. ಬಾಯಲ್ಲಿ ಬಿಳೀ ಮೊಟ್ಟೆ.
ಸಾಲು ಸಾಲಾಗಿ ನನ್ನ ಪಾದ ದಾಟಿ
ಮೇಲಕ್ಕೆ, ಅಕ್ಷರದ ಕಡೆಗೆ.

ಕೂಗಿದೆ. ಸ್ಪೀಕರು ನನ್ನ ಗಂಟಲನ್ನು ನುಂಗಿತು.
ಸ್ಟೂಲಿಂದ ಹಾರಿದೆ, ಡಬ್ಬಿ ಮಗುಚಿ
ಮೊಣಕೈವರೆಗೆ ಕೆಂಪು ಸುರಿಯಿತು.
ಆ ಕೈಯನ್ನೇ ಎತ್ತಿ ಓಡಿದೆ.
ಸೊಂಟದುದ್ದ ನೀರಲ್ಲಿದ್ದ ಹುಡುಗಿಯೊಬ್ಬಳು
ತಿರುಗಿ ಕಿರುಚಿದಳು: 'ಅಯ್ಯೋ, ರಕ್ತ!'

ಬೋರ್ಡಿಗೆ ಬಾರದವರು ರಕ್ತಕ್ಕೆ ಬಂದರು.
ಹದಿನಾಲ್ಕೂ ಜನ ನೀರು ಚಿಮ್ಮಿಸುತ್ತ ದಡಕ್ಕೆ.
ವೇಲಿಂದ ನನ್ನ ಕೈ ಒರೆಸಿದಳು ಅವಳು,
ಗಾಯ ಹುಡುಕಿದಳು, ಮೂಸಿ ನೋಡಿದಳು.
'ಥೂ, ಪೇಂಟು! ಏನಂಕಲ್ ಹಿಂಗೆ ಹೆದರಿಸ್ತೀರಾ?'
ಬೈಯುತ್ತಲೇ ಇದ್ದಳು. ಹಿಂದೆ
ಚಪ್ಪಲಿ ಬಿಟ್ಟಿದ್ದ ಬಂಡೆ ಕಾಣಲಿಲ್ಲ.
ಚಪ್ಪಲಿಗಳು ಮಾತ್ರ ಸುತ್ತು ಹಾಕುತ್ತ
ಆಚೆ ಜಿಲ್ಲೆಯ ಕಡೆಗೆ ಹೋಗುತ್ತಿದ್ದವು.
ಯಾರೋ ಸ್ಪೀಕರು ಆರಿಸಿದರು.

ಸಂಜೆ, ಉಳಿದ ಕೆಂಪಲ್ಲಿ ಬರೆದೆ: ಮೂವತ್ತಾರು.
ಹೆಬ್ಬೆಟ್ಟಿನ ಗುರುತಿಗೆ ಮತ್ತೆ ಬಣ್ಣ ಹಾಕಲಿಲ್ಲ.

ಎರಡು ತಿಂಗಳಾಯಿತು, ಬಿಲ್ಲು ಪಾಸಾಗಿಲ್ಲ.
ಅಂಕಿ ಕಡತಕ್ಕೆ ತಾಳೆಯಾಗುತ್ತಿಲ್ಲವಂತೆ.
ಜೊತೆಗೆ ಒಂದು ಪ್ರಶ್ನೆ, ಹಸಿರು ಇಂಕಿನಲ್ಲಿ:
ಒಂದು ಬೋರ್ಡಿಗೆ ಇಷ್ಟೊಂದು ಕೆಂಪು ಬಣ್ಣ ಏಕೆ?